ಅಡುಗೆಮನೆ ಗೋಡೆ ಮೇಲೊಂದು ಭರತದ ಪಟ್ಟಿ

2022ರ ಅಕ್ಟೋಬರ್ ಕೊನೆ. ಮಗಳ ಶಾಲೆಗೆ ಒಂದು ವಾರ ರಜೆ ಇತ್ತು. ನಾವಿರುವುದು ಇಂಗ್ಲೆಂಡಿನ ಪೀಟರ್‌ಬರೋದಲ್ಲಿ. ಅಲ್ಲಿಂದ ಎರಡು ಗಂಟೆ ದಾರಿ, ನಾರ್ಫಕ್ ಸೀಮೆಯ ಉತ್ತರ ಕರಾವಳಿ. ಕ್ಲೈ ಅಂತ ಒಂದು ಪುಟ್ಟ ಊರು. ಅಲ್ಲೊಂದು ಕಾಟೇಜನ್ನು ವಾರಕ್ಕೆ ಬಾಡಿಗೆ ಹಿಡಿದಿದ್ದೆವು. ಚಕಮಕಿ ಕಲ್ಲಿನ ಗೋಡೆ, ಕೆಂಪು ಹೆಂಚಿನ ಮಾಡು. ಹೆಂಚು ನೋಡಿದ ಕೂಡಲೇ ನನಗೆ ಕುಮಟಾದ ನಮ್ಮ ಮನೆ ನೆನಪಾಯಿತು.

ಒಳಗೆ ಹೋದರೆ ಅಡುಗೆಮನೆ ಗೋಡೆಗೆ, ಕೆಟಲ್ ಪಕ್ಕದಲ್ಲೇ, ಒಂದು ಕಾಗದ ಅಂಟಿಸಿದ್ದರು. ವೈಫೈ ಪಾಸ್‌ವರ್ಡ್ ಇರಬೇಕು ಅಂದುಕೊಂಡೆ. ಅಲ್ಲ, ಅದು ಆ ತಿಂಗಳ ಸಮುದ್ರದ ಭರತ-ಇಳಿತದ ಪಟ್ಟಿ. ನೀರು ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ, ಎಷ್ಟು ಮೀಟರ್ ಏರುತ್ತದೆ, ಎಲ್ಲ ಇತ್ತು. ಮೂರು ದಿನಗಳಿಗೆ ಮನೆಯೊಡತಿ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದ್ದರು. ಪಕ್ಕದಲ್ಲಿ, "ಸ್ನೆಟಿಶಮ್‌ಗೆ ಹೋಗಿ, ಕತ್ತಲಲ್ಲೇ ಹೊರಡಿ" ಅಂತ ಬರೆದಿದ್ದರು.

ನಾನು ಕರಾವಳಿಯಲ್ಲಿ ಹುಟ್ಟಿ ಬೆಳೆದವನು. ಭರತ, ಇಳಿತ ಅನ್ನುವ ಮಾತು ಕಿವಿಗೆ ಹೊಸದಲ್ಲ. ಆದರೆ ರಜೆಗೆ ಬಂದ ಅತಿಥಿಗೆ ಮೊದಲು ತಿಳಿಸಬೇಕಾದ ಸಂಗತಿ ಅದು ಅಂತ ನನಗೆ ಯಾವತ್ತೂ ಹೊಳೆದಿರಲಿಲ್ಲ.

ದೀಪಾವಳಿ ಪಾಡ್ಯದ ಮರುದಿನ ಬೆಳಿಗ್ಗೆ ಐದೂವರೆಗೆ ಹೊರಟೆವು. ಮಗಳಿಗೆ ಎರಡು ಸ್ವೆಟರ್, ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಹಬ್ಬಕ್ಕೆ ಮಾಡಿದ್ದ ಶಂಕರಪೋಳಿ. ಸ್ನೆಟಿಶಮ್ ಇರುವುದು ವಾಶ್ ಅನ್ನುವ ಅಗಲವಾದ ಕೊಲ್ಲಿಯ ದಂಡೆಯಲ್ಲಿ. ನೀರು ಇಳಿದಾಗ ಅಲ್ಲಿ ಕಣ್ಣು ಹಾಯುವವರೆಗೂ ಬರೀ ಕೆಸರು ಬಯಲು. ನಾಟ್ ಅನ್ನುವ ಗಿಡ್ಡ ಕಾಲಿನ ಬೂದು ಹಕ್ಕಿಗಳು ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಉತ್ತರ ತುದಿಯಲ್ಲಿ ಮರಿ ಮಾಡುತ್ತವೆ. ಚಳಿಗಾಲ ಕಳೆಯಲು ಈ ಕೆಸರಿಗೆ ಬರುತ್ತವೆ. ಕೆಸರೊಳಗಿನ ಸಣ್ಣ ಚಿಪ್ಪಿಗಳೇ ಅವುಗಳ ಊಟ. ಅಮಾವಾಸ್ಯೆ, ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ನೀರು 7 ಮೀಟರ್ ಆಸುಪಾಸು ಏರುತ್ತದೆ. ಆಗ ಹಕ್ಕಿಗಳಿಗೆ ಕಾಲೂರಲು ಒಂದಂಗುಲ ಕೆಸರೂ ಉಳಿಯುವುದಿಲ್ಲ. ಎಲ್ಲವೂ ಒಟ್ಟಿಗೇ ಎದ್ದು, ದಂಡೆಯ ಹಿಂದಿರುವ ಹಳೇ ಜಲ್ಲಿ ಹೊಂಡಗಳ ನಡುಗಡ್ಡೆಗೆ ಬಂದು ಇಳಿಯುತ್ತವೆ.

ಮೊದಲು ಕೇಳಿದ್ದು ಹೆಬ್ಬಾತುಗಳ ಸದ್ದು. ಐಸ್‌ಲ್ಯಾಂಡಿನಿಂದ ಬಂದ ಗುಲಾಬಿ ಕಾಲಿನ ಹೆಬ್ಬಾತುಗಳು ಸಾಲು ಸಾಲಾಗಿ ತಲೆ ಮೇಲೆ ಹಾದು ಹೋದವು. ಬೀಟ್ ಗೆಡ್ಡೆ ಕಿತ್ತ ಹೊಲಗಳಲ್ಲಿ ಉಳಿದ ಸೊಪ್ಪು ತಿನ್ನಲು ಹೊರಟಿದ್ದವು. ಚಂದ್ರನ ಬೆಳಕು ಚೆನ್ನಾಗಿದ್ದರೆ ಅವು ರಾತ್ರಿಯೇ ಹೊಲಕ್ಕೆ ಹೋಗಿಬಿಡುತ್ತವಂತೆ. ಆಮೇಲೆ ನೀರು ಏರುತ್ತಾ ಬಂತು. ದೂರದ ಕೆಸರಿನಿಂದ ಹೊಗೆ ಎದ್ದ ಹಾಗೆ ಕಂಡಿತು. ಆ ಹೊಗೆ ತಿರುಗಿತು, ಬೆಳ್ಳಗೆ ಮಿನುಗಿತು, ಮತ್ತೆ ಕಪ್ಪಾಯಿತು. ಹತ್ತಾರು ಸಾವಿರ ನಾಟ್‌ಗಳು. ನಮ್ಮ ತಲೆ ಮೇಲೆ ಹಾದಾಗ ಕೂಗೇ ಇಲ್ಲ, ಬರೀ ರೆಕ್ಕೆಗಳ ಸದ್ದು. ಅಡಿಕೆ ತೋಟಕ್ಕೆ ಮಳೆ ನುಗ್ಗಿ ಬರುವಾಗ ಒಂದು ಸದ್ದಾಗುತ್ತದಲ್ಲ, ಥೇಟ್ ಹಾಗೇ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ದಂಡೆ ಮೇಲೆ ಅರುವತ್ತು ಎಪ್ಪತ್ತು ಜನರಿದ್ದರು. ಒಬ್ಬರೂ ನೀರಿನ ಕಡೆ ಒಂದು ಹೆಜ್ಜೆ ಮುಂದೆ ಇಡಲಿಲ್ಲ.

ಆ ಒಂದು ಹೆಜ್ಜೆಯ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕಾರಣ ಹೇಳುತ್ತೇನೆ.

ಮರುವರ್ಷ ಜನವರಿಯಲ್ಲಿ ಊರಿಗೆ ಹೋದಾಗ ನಮ್ಮ ಜಿಲ್ಲೆಯ ಒಂದು ಅಳಿವೆ ದಂಡೆಯ ಹೋಮ್‌ಸ್ಟೇಯಲ್ಲಿ ಎರಡು ದಿನ ಇದ್ದೆವು. 'ಹಕ್ಕಿ ವೀಕ್ಷಣೆ ದೋಣಿ ವಿಹಾರ' ಅಂತ ಬೋರ್ಡು ನೋಡಿಯೇ ಹೋಗಿದ್ದು. ಮನೆಯವರು ಬಹಳ ಒಳ್ಳೆಯವರು. ಬೆಳಿಗ್ಗೆ ಬಿಸಿ ತೆಳ್ಳೇವು, ಕಾಯಿಚಟ್ನಿ, ಇನ್ನೆರಡು ಹಾಕಿಸಿಕೊಳ್ಳಿ ಅಂತ ಒತ್ತಾಯ. ದೋಣಿ ಹೊರಟಾಗ ಹತ್ತೂವರೆ. ಅಷ್ಟು ಹೊತ್ತಿಗೆ ನೀರು ತುಂಬಿ ಕೆಸರೆಲ್ಲ ಮುಳುಗಿತ್ತು. ಹಕ್ಕಿಗಳೆಲ್ಲ ಒಂದೇ ಒಂದು ಮರಳ ದಿಬ್ಬದ ಮೇಲೆ ಒತ್ತೊತ್ತಾಗಿ ನಿಂತು ನಿದ್ದೆ ಹೊಡೆಯುತ್ತಿದ್ದವು. ಜೊತೆಗಿದ್ದವರು "ಹಾರಿಸಿ, ಹಾರಿಸಿ" ಅಂದರು. ದೋಣಿಯವರು ಸೀದಾ ದಿಬ್ಬಕ್ಕೇ ನುಗ್ಗಿಸಿದರು. ಹಕ್ಕಿಗಳೆಲ್ಲ ಎದ್ದವು, ಫೋನುಗಳೂ ಎದ್ದವು. ಹಕ್ಕಿಗಳು ಒಂದು ಸುತ್ತು ಹಾಕಿ ಬಂದು ಮತ್ತೆ ಕೂತವು. ಹಿಂದೆ ಬಂದ ದೋಣಿಯವರು ಇನ್ನೊಮ್ಮೆ ಹಾರಿಸಿದರು.

ಅವತ್ತು ನನಗೆ ಸಿಟ್ಟಿಗಿಂತ ಸಂಕಟ ಜಾಸ್ತಿ ಆಯಿತು. ಆ ಹಕ್ಕಿಗಳಲ್ಲಿ ಎಷ್ಟೋ ಸೈಬೀರಿಯಾ ಕಡೆಯಿಂದ ಬಂದವು. ಬೇಸಿಗೆ ಶುರುವಾಗುವಾಗ ಅಷ್ಟೂ ದೂರ ವಾಪಸ್ ಹಾರಬೇಕು. ಅದಕ್ಕೆ ಬೇಕಾದ ಕೊಬ್ಬನ್ನು ನಮ್ಮ ಕೆಸರಲ್ಲೇ ತಿಂದು ಕೂಡಿಸಿಕೊಳ್ಳಬೇಕು. ನೀರು ತುಂಬಿದ ಹೊತ್ತು ಅವಕ್ಕೆ ವಿಶ್ರಾಂತಿಯ ಹೊತ್ತು. ಸುಮ್ನೆ ಒಂದು ವಿಡಿಯೋಗೆ ಅಂತ ಎಬ್ಬಿಸಿದರೆ ಕೂಡಿಸಿದ್ದೂ ಖರ್ಚಾಗುತ್ತದೆ. ದೋಣಿಯವರನ್ನು ಬೈಯುವುದು ಸುಲಭ. ಆದರೆ ಅವರನ್ನು ಆ ಹೊತ್ತಿಗೆ ಹೊರಡಿಸಿದ್ದು ತಿಂಡಿಯ ಗಡಿಯಾರ. ಬೆಳಿಗ್ಗೆ ಆರಕ್ಕೆ ಹೋಗಿದ್ದರೆ ನೀರು ಇಳಿದಿರುತ್ತಿತ್ತು. ಹಕ್ಕಿಗಳು ಕೆಸರ ಮೇಲೆ ಓಡಾಡಿಕೊಂಡು ತಿನ್ನುತ್ತಿರುತ್ತಿದ್ದವು. ಯಾರನ್ನೂ ಹಾರಿಸುವ ಮಾತೇ ಬರುತ್ತಿರಲಿಲ್ಲ.

ಹಾಗಂತ ಹಕ್ಕಿ ಪ್ರೀತಿಯನ್ನು ನಾವು ಇಂಗ್ಲೆಂಡಿನವರಿಂದ ಕಲಿಯಬೇಕು ಅಂತ ನಾನು ಹೇಳುತ್ತಿಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಮನೆ ಮುಂದಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಆ ಊರಿನವರು. ಇಂಥ ಮಾತನ್ನು ನಾನು ನಾರ್ಫಕ್‌ನಲ್ಲಿ ಕೇಳಿಲ್ಲ. ಅಲ್ಲಿ ಹಕ್ಕಿಗೆ ಜಾಗ ಉಳಿದಿದ್ದು ಬೇರೆ ರೀತಿ. ಟೋಪಿಗೆ ಸಿಕ್ಕಿಸಲು ಬೆಳ್ಳಕ್ಕಿಗಳನ್ನು ಕೊಂದು ಗರಿ ಮಾರುತ್ತಿದ್ದ ಕಾಲದಲ್ಲಿ, 1889ರಲ್ಲಿ, ಕೆಲವು ಹೆಂಗಸರು ಅದನ್ನು ವಿರೋಧಿಸಿ ಒಂದು ಸಂಘ ಕಟ್ಟಿದರು. ಇವತ್ತು ಆರ್‌ಎಸ್‌ಪಿಬಿ ಅಂತ ಕರೆಯುವುದು ಅದನ್ನೇ. ಸ್ನೆಟಿಶಮ್ ನೋಡಿಕೊಳ್ಳುವವರೂ ಅವರೇ. ಕ್ಲೈ ಊರಿನ ಜೌಗು ನೆಲವನ್ನು ಸಿಡ್ನಿ ಲಾಂಗ್ ಎಂಬ ವೈದ್ಯರು 1926ರಲ್ಲಿ ಕೆಲವರನ್ನು ಜೊತೆ ಸೇರಿಸಿಕೊಂಡು ಹಕ್ಕಿಗಳಿಗಾಗಿಯೇ ಕೊಂಡರು. ಅದನ್ನು ನೋಡಿಕೊಳ್ಳಲು ಹುಟ್ಟಿದ ಟ್ರಸ್ಟ್ ಬ್ರಿಟನ್ನಿನ ಜಿಲ್ಲಾ ವನ್ಯಜೀವಿ ಟ್ರಸ್ಟ್‌ಗಳಲ್ಲಿ ಮೊದಲನೆಯದು. ಅವರು ದುಡ್ಡು ಕೂಡಿಸಿ ಜಾಗ ಉಳಿಸಿದರು. ನಮ್ಮವರು ಅಂಗಳದಲ್ಲೇ ಜಾಗ ಕೊಟ್ಟರು. ನಮ್ಮದು ಕಡಿಮೆಯದಲ್ಲ.

ಅಲ್ಲಿಂದ ತರಬೇಕಾದ್ದು ಬೇರೆ. ಕ್ಲೈನಲ್ಲಿ ಹುಲ್ಲು ಹೊದಿಸಿದ ಮರದ ಗುಡಿಸಲುಗಳಿವೆ, ಹೈಡ್ ಅನ್ನುತ್ತಾರೆ. ಒಳಗೆ ಬೆಂಚು, ಎದುರಿಗೆ ಕಿರಿದಾದ ಕಿಂಡಿ. ಹಕ್ಕಿಗೆ ನಾವು ಕಾಣುವುದಿಲ್ಲ. ಒಂದು ಮಧ್ಯಾಹ್ನ ಅಂಥ ಹೈಡ್‌ಗೆ ಹೋಗುವ ದಾರಿಯಲ್ಲಿ ಒಬ್ಬ ಅಜ್ಜಿ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಐದು ಮಾರು ದೂರದಲ್ಲಿ, ಕಾಲುದಾರಿ ಮೇಲೇ, ಬಿಯರ್ಡೆಡ್ ಟಿಟ್ ಅನ್ನುವ ಹಕ್ಕಿಯ ಜೋಡಿ. ಜೊಂಡಿನ ನಡುವೆಯೇ ಬದುಕುವ ಹಕ್ಕಿ. ಅರಿಶಿನ-ಕಂದು ಮೈ, ಉದ್ದ ಬಾಲ, ಗಂಡಿಗೆ ಕೊಕ್ಕಿನ ಎರಡೂ ಕಡೆ ಇಳಿಬಿದ್ದ ಕಪ್ಪು ಮೀಸೆ. ಅದು ಒಂದು ಸಣ್ಣ ಕಲ್ಲು ಹೆಕ್ಕಿತು, ಕೊಕ್ಕಲ್ಲಿ ತಿರುಗಿಸಿ ನೋಡಿತು, ಬೇಡ ಅಂತ ಬಿಟ್ಟಿತು. ಇನ್ನೊಂದು ಹೆಕ್ಕಿ ನುಂಗಿತು. "ಕಲ್ಲು ಯಾಕೆ ತಿನ್ನುತ್ತೆ?" ಅಂತ ಮಗಳು ಪಿಸುಗುಟ್ಟಿದಳು. ಬೇಸಿಗೆಯಲ್ಲಿ ಅವು ಹುಳ ತಿನ್ನುತ್ತವೆ, ಚಳಿಗಾಲಕ್ಕೆ ಜೊಂಡಿನ ಬೀಜ ತಿನ್ನುತ್ತವೆ, ಬೀಜ ಅರೆಯಲು ಹೊಟ್ಟೆಯಲ್ಲಿ ಕಲ್ಲು ಬೇಕು ಅಂದರು ಅಜ್ಜಿ. ನಾನು ಮಗಳಿಗೆ ಕನ್ನಡದಲ್ಲಿ ಹೇಳಿದೆ, "ಹೊಟ್ಟೆಯೊಳಗೆ ಒರಳು ಇಟ್ಟುಕೊಂಡಿದೆ ಪುಟ್ಟಿ." ಆಮೇಲೆ ಹೈಡ್‌ನಲ್ಲಿ ಆ ಅಜ್ಜಿ ತಮ್ಮ ದೂರದರ್ಶಕದ ಕಾಲುಗಳನ್ನು ಮಗಳ ಎತ್ತರಕ್ಕೆ ಇಳಿಸಿಕೊಟ್ಟರು. ನಾವು ಯಾರು, ಎಲ್ಲಿಯವರು ಅಂತ ಕೇಳಲೂ ಇಲ್ಲ.

ಕಾಟೇಜಿನಲ್ಲಿ ಒಂದು ದಪ್ಪ ನೋಟ್‌ಬುಕ್ಕೂ ಇತ್ತು. ಹಿಂದೆ ಬಂದು ಹೋದವರೆಲ್ಲ ಯಾವ ದಿನ, ಎಲ್ಲಿ, ಯಾವ ಹಕ್ಕಿ ಕಂಡೆವು ಅಂತ ಬರೆದಿದ್ದರು. ನಾವು ಪ್ರತಿ ರಾತ್ರಿ ಊಟ ಆದಮೇಲೆ ಅದನ್ನು ಓದಿ ಮರುದಿನದ ದಾರಿ ಗೊತ್ತುಮಾಡುತ್ತಿದ್ದೆವು. ಕಂಡದ್ದನ್ನು ಬಚ್ಚಿಟ್ಟುಕೊಳ್ಳದೆ ಮುಂದಿನವರಿಗೆ ಬಿಟ್ಟು ಹೋಗುವ ಈ ರೂಢಿ ನನಗೆ ಬಹಳ ಇಷ್ಟವಾಯಿತು.

ಕೊರತೆಯೂ ಇದೆ. ಬೀಗದ ಕೈ ಬಾಗಿಲ ಪಕ್ಕದ ಪೆಟ್ಟಿಗೆಯಲ್ಲಿತ್ತು. ಏಳು ದಿನದಲ್ಲಿ ಮನೆಯೊಡತಿಯ ಮುಖ ನೋಡಲಿಲ್ಲ. ಊಟ ಆಯ್ತಾ ಅಂತ ಕೇಳುವ ಒಂದು ದನಿ ಇಲ್ಲದ ಮನೆಯಲ್ಲಿ ಹಬ್ಬದ ವಾರ ಕಳೆಯುವುದು ಕಷ್ಟ. ಆ ವಿಷಯದಲ್ಲಿ ನಮ್ಮ ಹೋಮ್‌ಸ್ಟೇಗಳನ್ನು ಮೀರಿಸುವುದು ಯಾರಿಗೂ ಆಗದು.

ಇನ್ನೊಂದು ದೊಡ್ಡ ಸಂಗತಿ ನಮ್ಮಲ್ಲಿದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್‌ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಜಗತ್ತು ಉಳಿಸಿಕೊಳ್ಳಬೇಕಾದ ಜೌಗು ಪ್ರದೇಶಗಳ ಪಟ್ಟಿ ಅದು. ಆ ಅಳಿವೆಯಲ್ಲಿ ಹಕ್ಕಿ ಮತ್ತು ಜನ ಒಂದೇ ಕೆಸರನ್ನು ನಂಬಿ ಬದುಕುತ್ತಾರೆ. ನೀರು ಇಳಿದಾಗ ಹೆಂಗಸರು ಬುಟ್ಟಿ ಹಿಡಿದು ಬಳಚು ಅನ್ನುವ ತಿನ್ನುವ ಚಿಪ್ಪಿ ಹೆಕ್ಕಲು ಇಳಿಯುತ್ತಾರೆ. ಪಕ್ಕದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಬೆಳ್ಳಕ್ಕಿ, ಉಲ್ಲಂಕಿ, ಮಿಂಚುಳ್ಳಿಗಳಿಗೂ ಅಲ್ಲೇ ಊಟ.

ನಮ್ಮ ಅಣ್ಣನ ಮನೆ ಪಕ್ಕದ ಅಕ್ಕ ಒಬ್ಬರು ಮೂವತ್ತು ವರ್ಷದಿಂದ ಬಳಚು ಹೆಕ್ಕುತ್ತಿದ್ದಾರೆ. ಒಂದು ಬೆಳಿಗ್ಗೆ ಅವರ ಹಿಂದೆ ನಾನೂ ಕೆಸರಿಗಿಳಿದೆ. ಕುಡುಗೋಲಿನ ಹಾಗೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಒಂದು ನಮ್ಮಿಂದ ಇಪ್ಪತ್ತು ಮಾರು ದೂರದಲ್ಲಿ ಏಡಿ ಹುಡುಕುತ್ತಿತ್ತು. ನಾರ್ಫಕ್‌ನಲ್ಲೂ ಕರ್ಲ್ಯೂ ಇದೆ. ಅಲ್ಲಿ ಮನುಷ್ಯನ ನೆರಳು ಬಿದ್ದರೆ ಸಾಕು, ಹಾರಿಬಿಡುತ್ತದೆ. ಇಲ್ಲಿ ಅಕ್ಕ ಬಗ್ಗಿ ಹೆಕ್ಕುತ್ತಾ ಹೋದರು, ಹಕ್ಕಿಯೂ ಬಗ್ಗಿ ಹೆಕ್ಕುತ್ತಾ ಹೋಯಿತು. "ನೀ ನೆಟ್ಟಗೆ ನಿಲ್ಲಬೇಡ ತಮ್ಮಾ, ಅದ್ಕೆ ಹೆದ್ರಿಕೆ" ಅಂದರು.

ಯಾವ ಗೈಡ್‌ಗೆ ಇಷ್ಟು ಗೊತ್ತಿರುತ್ತದೆ? ಕರಾವಳಿಯ ಹೋಮ್‌ಸ್ಟೇಯವರು ಹಕ್ಕಿ ತೋರಿಸುವ ಕೆಲಸವನ್ನು ಇಂಥವರಿಗೆ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅನಿಸಿಕೆ. ಒಂದು ದಿನ ಬಳಚು ಹೆಕ್ಕಿದರೆ ಸಿಗುವುದಕ್ಕಿಂತ ಕಮ್ಮಿ ಕೊಡಬಾರದು. ದೋಣಿ ದಿಬ್ಬದಿಂದ ದೂರ ನಿಲ್ಲಬೇಕು. ಹೊರಡುವ ಹೊತ್ತನ್ನು ನೀರು ಹೇಳಬೇಕು, ತಿಂಡಿ ಅಲ್ಲ. ನಮಗೆ ಇದು ಸುಲಭವೂ ಹೌದು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿಗೆ ನಮ್ಮ ಕಡೆ ಹೆಚ್ಚುಕಡಿಮೆ ಬೆಳಗಾಗುವ ಹೊತ್ತಿಗೇ ನೀರು ಇಳಿದಿರುತ್ತದೆ. ಹಕ್ಕಿ ನೋಡಲು ಅದಕ್ಕಿಂತ ಒಳ್ಳೆಯ ಹೊತ್ತು ಉಂಟೇ?

ಅಣ್ಣ-ಅತ್ತಿಗೆ ಈಗ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಕೊಡುತ್ತಿದ್ದಾರೆ. ಫೋನಿನಲ್ಲಿ ಅತ್ತಿಗೆಗೆ ನಾರ್ಫಕ್‌ನ ಕಾಗದದ ಕತೆ ಹೇಳಿ, ಅಂಥದ್ದೊಂದನ್ನು ಅಂಟಿಸಿ ಅಂದೆ. ಪಕ್ಕದಲ್ಲೇ ಕೂತಿದ್ದ ಬಳಚಿನ ಅಕ್ಕ ಕೇಳಿಸಿಕೊಂಡರು. "ಅದ್ಕೆ ಪಟ್ಟಿ ಎಂತಕ್ಕೆ? ತಿಥಿ ಹೇಳು, ನೀರಿನ ಹೊತ್ತು ನಾ ಹೇಳ್ತೆ" ಅಂದರು. ದಿನಕ್ಕೆ ಸುಮಾರು ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುವ ಲೆಕ್ಕ ಅವರ ಬಾಯಲ್ಲೇ ಇದೆ.

ಮೊನ್ನೆ ಅತ್ತಿಗೆ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದರು. ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಪ್ರತಿ ತಾರೀಕಿನ ಕೆಳಗೆ ಪೆನ್ಸಿಲ್‌ನಲ್ಲಿ ಭರತ-ಇಳಿತದ ಹೊತ್ತು. ಅಮಾವಾಸ್ಯೆಯ ಸುತ್ತಿನ ಮೂರು ದಿನಗಳಿಗೆ ಗುಂಡಗೆ ಗುರುತು. ಕೆಳಗೆ ಅವರದೇ ಅಕ್ಷರದಲ್ಲಿ ಹೀಗಿತ್ತು: "ಬೆಳಿಗ್ಗೆ 6ಕ್ಕೆ ಚಹಾ ಮಾತ್ರ. ತೆಳ್ಳೇವು ಕೆಸರಿಂದ ಬಂದಮೇಲೆ."