ಎಮ್ಮೆ ಕಣಿವೆಯಲ್ಲಿ ತೂತು ಕಾಣೆಯಾಗಿದೆ

"ಎಲ್ಲರ ಮನೆ ದೋಸೆನೂ ತೂತೇ" ಅನ್ನೋ ಗಾದೆಯನ್ನು ನಾವು ಸಮಾಧಾನಕ್ಕೆ ಬಳಸುತ್ತೇವೆ. ಪಕ್ಕದ ಮನೆ ಜಗಳ ಕಾಂಪೌಂಡ್ ದಾಟಿ ಕೇಳಿಸಿದಾಗ, ನೆಂಟರ ಮಗ ಮೂರನೇ ಸಲ ಕೆಲಸ ಬಿಟ್ಟಾಗ. ಸ್ವಿಟ್ಜರ್‌ಲ್ಯಾಂಡಿನ ಎಮೆಂಟಾಲ್‌ಗೆ ಹೋಗಿ ಈ ಗಾದೆ ಹೇಳಿದರೆ ಪಾಪ, ಅವರು ಅತ್ತೇಬಿಡುತ್ತಾರೆ. ಅವರ ಕಷ್ಟ ಬೇರೆ. ಅವರಿಗೆ ತೂತು ಸಾಲುತ್ತಿಲ್ಲ.

ಕಾರ್ಟೂನಲ್ಲಿ ಇಲಿ ಹೊತ್ತುಕೊಂಡು ಓಡುತ್ತಲ್ಲ, ಹಳದಿ ತುಂಡು, ಮೈತುಂಬ ತೂತು, ಆ ಚೀಸಿನ ತವರು ಇದು. ಅಲ್ಲಿ ಹರಿಯೋ ನದಿಯ ಹೆಸರು ಎಮ್ಮೆ. ತಮಾಷೆ ಅಲ್ಲ, ನಿಜವಾಗಿಯೂ ಎಮ್ಮೆ ಅಂತಲೇ. ಟಾಲ್ ಅಂದರೆ ಕಣಿವೆ. ಎಮ್ಮೆ ಕಣಿವೆ. ಆದರೆ ಚೀಸು ಮಾಡೋದು ಪೂರ್ತಿ ಹಸುವಿನ ಹಾಲಲ್ಲಿ! ಜಾಹೀರಾತಿನ ಪಟದಲ್ಲಿ ಹಿಂದೆ ಹಿಮದ ಆಲ್ಪ್ಸ್ ನಿಂತಿರುತ್ತದೆ. ಹೋಗಿ ನೋಡಿದರೆ ಆ ಹಿಮ ದೂರದಲ್ಲಿದೆ, ನಾವು ಸೈಕಲ್ ತುಳಿಯೋದು ಹಸಿರು ಗುಡ್ಡಗಳಲ್ಲಿ. ಅಲ್ಲಿನ ಹೆಸರುವಾಸಿ ಗುಡ್ಡ ನಾಪ್ಫ್, ಸುಮಾರು 1,400 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ದಾಟುತ್ತೆ. ಇದನ್ನು ನಾನು ಅಲ್ಲಿ ನಾಲ್ಕು ಜನಕ್ಕೆ ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

ಅಕ್ಕನ ಮಗ ಬರ್ನ್‌ನಲ್ಲಿ ಕೆಲಸಕ್ಕಿದ್ದಾನೆ. ಹೋದ ಎರಡನೇ ದಿನವೇ ಶುರು ಮಾಡಿದ. "ಮಾಮ, ಬಸ್ಸಲ್ಲಿ ಕೂತು ನೋಡೋರು ಟೂರಿಸ್ಟ್‌ಗಳು. ನಾವು ಸೈಕಲ್ ಹೊಡೆಯೋಣ. ಬೆವರು ಸುರಿಸಿ ಚೀಸ್ ತಿಂದ್ರೆ ಅದರ ರುಚಿನೇ ಬೇರೆ." ಐವತ್ತೆರಡು ವರ್ಷದ ಮಂಡಿ ಇಟ್ಕೊಂಡು ನಾನು ಹೂಂ ಅಂದೆ. ಅವನ ಹುಬ್ಬಳ್ಳಿ ಗೆಳೆಯನೂ ಜೊತೆಗೆ ಬಂದ. ಬುರ್ಗ್‌ಡೋರ್ಫ್ ಅನ್ನೋ ಊರಿಗೆ ರೈಲಲ್ಲಿ ಹೋಗಿ ಸೈಕಲ್ ಬಾಡಿಗೆಗೆ ತಗೊಂಡೆವು. ಬಾಡಿಗೆಯನ್ನು ಒಂದು ಸಲ ರೂಪಾಯಿಗೆ ಲೆಕ್ಕ ಹಾಕಿದೆ. ಮತ್ತೆ ಹಾಕಲಿಲ್ಲ.

ಸೈಕಲ್ ಅಂದರೆ ನೀವು ಅಂದುಕೊಂಡ ಸೈಕಲ್ ಅಲ್ಲ. ಇಟ್ಟಿಗೆಯಷ್ಟು ದಪ್ಪ ಬ್ಯಾಟರಿ, ಹ್ಯಾಂಡಲ್ ಮೇಲೆ ಪುಟ್ಟ ಟಿವಿ. ಪೆಡಲ್ ಮೇಲೆ ಕಾಲಿಟ್ಟು ಮನಸ್ಸಲ್ಲಿ ಅಂದುಕೊಂಡರೆ ಸಾಕು, ಹಿಂದಿನಿಂದ ಯಾರೋ ತಳ್ಳಿದ ಹಾಗೆ ಹೋಗುತ್ತೆ. ಇಕೋ, ಟೂರ್, ಸ್ಪೋರ್ಟ್, ಟರ್ಬೊ ಅಂತ ನಾಲ್ಕು ಗೇರು ತರಹದ್ದು. ಗಂಟೆಗೆ 25 ಕಿಲೋಮೀಟರ್ ಆದ ತಕ್ಷಣ ಮೋಟಾರು ಕೈ ಬಿಡುತ್ತದೆ, ಅದು ಅಲ್ಲಿನ ಕಾನೂನು. ಅಲ್ಲಿಂದ ಮುಂದೆ ತುಳಿಯೋದು ನಿಮ್ಮ ಹಣೆಬರಹ. ಹುಬ್ಬಳ್ಳಿಯವನು ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಹೇಳಿದ, "ಸೈಕಲ್ ಹೊಡಿಯಾಕೂ ಕರೆಂಟ್ ಬೇಕೇನ್ರಿ? ನಮ್ಮೂರಾಗ ಇದ್ದಿದ್ರ ಸಂಜಿ ಆರಕ್ಕ ಲೋಡ್ ಶೆಡ್ಡಿಂಗ್ನ್ಯಾಗ ದಿನ್ನಿ ಮ್ಯಾಲೆ ನಿಲ್ತಿದ್ವಿ."

ಆ ಭಾಗದಲ್ಲಿ ಹೆರ್ಟ್ಸ್‌ರೂಟ್ ಅಂತ ಸೈಕಲ್ ದಾರಿಯೇ ಇದೆ, ಹೃದಯದ ದಾರಿ ಅಂತ ಅರ್ಥ, ದೇಶದ ಸೈಕಲ್ ದಾರಿಗಳಲ್ಲಿ ಅದರ ನಂಬರ್ 99. ಇದರ ಮಜಾ ಏನಂದರೆ ದಾರಿಯುದ್ದಕ್ಕೂ ಹೋಟೆಲ್ಲುಗಳಲ್ಲಿ ಖಾಲಿ ಬ್ಯಾಟರಿ ಕೊಟ್ಟು ತುಂಬಿದ್ದು ತಗೋಬಹುದು. ಹಿಂದಿನ ಕಾಲದಲ್ಲಿ ಛತ್ರದಲ್ಲಿ ಕುದುರೆ ಬದಲಿಸುತ್ತಿದ್ದರು, ಈಗ ಬ್ಯಾಟರಿ. ವ್ಯತ್ಯಾಸ ಇಷ್ಟೇ, ಕುದುರೆ ಮೇಲೆ ಬಂದವನು ತಾನೇ ಓಡಿ ಬಂದೆ ಅಂತ ಯಾರಿಗೂ ಹೇಳುತ್ತಿರಲಿಲ್ಲ. ನಮ್ಮ ಹುಡುಗನ ಕೈಗಡಿಯಾರ ಹೇಳಿತು. ಮೊದಲ ಗುಡ್ಡ ಹತ್ತಿದ ಕೂಡಲೇ ಅದು ಟಿಂಗ್ ಅಂದು ಅಭಿನಂದನೆ ಹೇಳಿ ಇಷ್ಟು ಕ್ಯಾಲರಿ ಸುಟ್ಟಿರಿ ಅಂತ ತೋರಿಸಿತು. ಸುಟ್ಟಿದ್ದು ಬ್ಯಾಟರಿ ಅಂತ ಅದಕ್ಕೆ ಯಾರು ಹೇಳಬೇಕು? ಅವನು ಮಾತ್ರ ಅಲ್ಲೇ ನಿಂತು ಫೋಟೋ ತೆಗೆದು, ನೀರಿನ ಬಾಟಲಿಯಿಂದ ಹಣೆಗೆ ನಾಲ್ಕು ಹನಿ ಚಿಮುಕಿಸಿಕೊಂಡು, ಇನ್ನೊಂದು ಫೋಟೋ ತೆಗೆದ. ಬೆವರು ಸುರಿಸಿ ಅಂತ ಹೇಳಿದ್ದ ನೋಡಿ, ಮಾತು ಉಳಿಸಿಕೊಂಡ.

ಸ್ವಲ್ಪ ಮುಂದೆ ಒಬ್ಬ ರೈತ ಟ್ರ್ಯಾಕ್ಟರಿಗೆ ಟ್ಯಾಂಕರ್ ಕಟ್ಟಿಕೊಂಡು ಸಗಣಿ ನೀರನ್ನು ಹುಲ್ಲುಗಾವಲಿಗೆ ಹೊಡೆಯುತ್ತಿದ್ದ. ನಮ್ಮ ಮುಂದೆ ಹೋಗುತ್ತಿದ್ದ ಸೈಕಲ್ ಗುಂಪಿಗೆ ಗುಂಪೇ ಮೂಗಿಗೆ ಕರವಸ್ತ್ರ ಹಿಡಿದು ಟರ್ಬೊಗೆ ಹಾಕಿತು. ಹಸಿರು ಬೇಕು, ಹಸು ಬೇಕು, ಚೀಸಂತೂ ಬೇಕೇ ಬೇಕು. ಹಸುವಿನ ಹಿಂಭಾಗ ಮಾತ್ರ ಬೇಡ. ನನಗಂತೂ ಆ ವಾಸನೆಗೆ ಮೊದಲ ಸಲ ಊರು ನೆನಪಾಯಿತು.

ಅಫೋಲ್ಟರ್ನ್ ಅನ್ನೋ ಹಳ್ಳಿಯಲ್ಲಿ ಜನ ನೋಡಲಿ ಅಂತಲೇ ಚೀಸ್ ಮಾಡೋ ಡೈರಿ ಇದೆ. ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಕಾಯಿಸದ ಹಸಿ ಹಾಲು. ಒಂದು ಕೆಜಿ ಚೀಸಿಗೆ ಸುಮಾರು 12 ಲೀಟರ್ ಹಾಲು ಬೇಕು, ಒಂದೊಂದು ಚಕ್ರ 75ರಿಂದ 120 ಕೆಜಿ ತೂಗುತ್ತದೆ. ನಮ್ಮ ಎತ್ತಿನ ಗಾಡಿ ಚಕ್ರದ ಚಿಕ್ಕ ತಮ್ಮ ಅನ್ನಿ. (ನಮ್ಮ ಕೆಲವರು ಚೀಸನ್ನು ಗಿಣ್ಣು ಅಂತ ಬರೆಯುತ್ತಾರೆ. ಕರು ಹಾಕಿದ ಹಸುವಿನ ಮೊದಲ ಹಾಲಿನ ಗಿಣ್ಣು ತಿಂದವರು ಆ ತಪ್ಪು ಮಾಡಲ್ಲ.) ನೆಲಮಾಳಿಗೆಯಲ್ಲಿ ಕನಿಷ್ಠ 120 ದಿನ ಇಡಬೇಕು. ಅಲ್ಲಿ ಇಡುವಾಗಲೇ ತೂತು ಬೀಳೋದು. ಅದನ್ನು ಪರೀಕ್ಷೆ ಮಾಡೋ ರೀತಿ ನೋಡಿದರೆ ನಿಮಗೂ ಖುಷಿಯಾಗುತ್ತೆ. ಪುಟ್ಟ ಸುತ್ತಿಗೆ ಹಿಡಿದು ಚಕ್ರದ ಮೇಲೆ ಟಕ್ ಟಕ್ ಅಂತ ಬಡಿದು ಕಿವಿಗೊಟ್ಟು ಕೇಳುತ್ತಾರೆ, ಸಂತೆಯಲ್ಲಿ ತೆಂಗಿನಕಾಯಿ ತಟ್ಟಿ ನೋಡೋ ಹಾಗೆ. ತೂತಿಗೆ ಅವರಲ್ಲಿ ಕಣ್ಣು ಅನ್ನುತ್ತಾರೆ. ತೂತು ಬರದ ಚೀಸು ಕುರುಡು.

ಈಗ ಕಥೆಗೆ ಬರೋಣ. ಚೀಸಿನೊಳಗೆ ಒಂದು ಜಾತಿ ಬ್ಯಾಕ್ಟೀರಿಯಾ ಕೂತು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ, ಆ ಗಾಳಿಯಿಂದ ತೂತು ಅಂತ 1917ರಲ್ಲೇ ವಿಲಿಯಂ ಕ್ಲಾರ್ಕ್ ಅನ್ನೋ ಅಮೆರಿಕದ ವಿಜ್ಞಾನಿ ಬರೆದಿದ್ದ. ಸರಿ ಅಂತ ಎಲ್ಲರೂ ಒಪ್ಪಿದ್ದರು. ಆದರೆ ಇತ್ತೀಚಿನ ವರ್ಷಗಳಲ್ಲಿ ತೂತು ಚಿಕ್ಕದಾಗುತ್ತಾ, ಕಡಿಮೆಯಾಗುತ್ತಾ ಬಂತು. ಬ್ಯಾಕ್ಟೀರಿಯಾ ಇವೆ, ಗಾಳಿ ಇದೆ, ತೂತಿಲ್ಲ. ದೇಶದ ಮಾನದ ಪ್ರಶ್ನೆ ಅಲ್ವಾ? ಅಗ್ರೋಸ್ಕೋಪ್ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಇನ್ನೊಂದು ಸಂಸ್ಥೆಯ ಜೊತೆ ಸೇರಿ ಚೀಸಿಗೆ ಸಿಟಿ ಸ್ಕ್ಯಾನ್ ಮಾಡಿಸಿತು. ಒಂದು ದಿನ ಅಲ್ಲ, 130 ದಿನ. ನಮ್ಮಪ್ಪನಿಗೆ ಒಂದು ಸ್ಕ್ಯಾನ್ ಮಾಡಿಸೋಕೆ ನಾನು ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ಎರಡು ದಿನ ಕೂತಿದ್ದೆ, ಇರಲಿ ಬಿಡಿ. 2015ರಲ್ಲಿ ಉತ್ತರ ಸಿಕ್ಕಿತು. ತೂತು ಬೀಳೋಕೆ ಕಾರಣ, ಹಾಲಿಗೆ ಬೀಳುತ್ತಿದ್ದ ಒಣಹುಲ್ಲಿನ ಧೂಳು.

ಅಂದರೆ ಇಷ್ಟೇ. ಮುಂಚೆ ಕೊಟ್ಟಿಗೆಯಲ್ಲಿ ಬಾಯಿ ತೆರೆದ ಬಕೆಟ್ಟಿಗೆ ಹಾಲು ಕರೆಯುತ್ತಿದ್ದರು. ಹಸು ಹುಲ್ಲು ಎಳೆದಾಡಿದಾಗ ಕಣ್ಣಿಗೆ ಕಾಣದ ಧೂಳು ಹಾಲಿಗೆ ಬೀಳುತ್ತಿತ್ತು. ಗಾಳಿ ಹೋಗಿ ಆ ಧೂಳಿನ ಕಣದಲ್ಲಿ ಸೇರಿಕೊಂಡು ಊದಿಕೊಳ್ಳುತ್ತಿತ್ತು. ಈಗ ಕೆಚ್ಚಲಿಂದ ನೇರ ಪೈಪು, ಪೈಪಿಂದ ನೇರ ಟ್ಯಾಂಕು. ಹಾಲು ಎಷ್ಟು ಕ್ಲೀನಾಯಿತು ಅಂದರೆ ಚೀಸು ಕುರುಡಾಯಿತು.

ಹಾಗಾದರೆ ಪರಿಹಾರ ಏನು? ಒಣಹುಲ್ಲಿನ ಪುಡಿ! ಶುದ್ಧ ಮಾಡಿದ ಕೊಳೆ ಅನ್ನಿ. ಅದನ್ನು ಇಷ್ಟೇ ಇಷ್ಟು ಅಂತ ತೂಗಿ ಹಾಲಿಗೆ ಹಾಕೋದು. ಚೀಸಿನವರು ಇದಕ್ಕೆ ಅನುಮತಿ ಕೇಳಿದರೆ, ಸಂಪ್ರದಾಯಕ್ಕೆ ಒಗ್ಗಲ್ಲ ಅಂತ ಕೃಷಿ ಇಲಾಖೆ ಒಪ್ಪಲಿಲ್ಲ. ಕೊಟ್ಟಿಗೆಯಿಂದ ತಾನಾಗಿ ಬಿದ್ದ ಧೂಳು ಸಂಪ್ರದಾಯ, ಚಮಚದಲ್ಲಿ ಹಾಕಿದ ಧೂಳು ಕಲಬೆರಕೆ. ವಿಷಯ ಕೋರ್ಟಿಗೆ ಹೋಯಿತು. ಕಪ್ಪು ಕೋಟಿನವರು ಹುಲ್ಲಿನ ಪುಡಿ ಮುಂದಿಟ್ಟುಕೊಂಡು ವಾದ ಮಾಡಿದರು. ಕೊನೆಗೆ ನ್ಯಾಯಾಧೀಶರು ಹಾಕಿಕೊಳ್ಳಿ ಅಂದರು.

ಇದನ್ನು ಕೇಳಿದಾಗ ನನಗೆ ನಮ್ಮಜ್ಜಿ ನೆನಪಾದಳು. ಅವಳು ಬೆಳಿಗ್ಗೆ ಐದೂವರೆಗೆ ಡೈರಿಗೆ ಹಾಲು ಹಾಕೋಕೆ ಹೋದಾಗ ಕ್ಯಾನಿನಲ್ಲಿ ಒಂದು ಹುಲ್ಲು ಕಡ್ಡಿ ತೇಲಿದರೆ ಸಾಕು, ಸೆಕ್ರೆಟರಿ ಎಲ್ಲರೆದುರು ಬೈಯುತ್ತಿದ್ದ. "ಏನ್ ಅಜ್ಜಿ, ಹಸೂನೇ ಒಳಗೆ ಬಿಟ್ಟಿದ್ದೀಯಾ?" ಪಾಪ, ಅಜ್ಜಿ ಸೆರಗಲ್ಲಿ ಸೋಸಿಕೊಂಡು ಬರುತ್ತಿದ್ದಳು. ಅವಳಿಗೆ ಒಬ್ಬ ಸ್ವಿಸ್ ವಕೀಲ ಬೇಕಿತ್ತು.

ಕೋರ್ಟು ಇವರಿಗೆ ಹೊಸದಲ್ಲ ಬಿಡಿ. ಎಮೆಂಟಾಲರ್ ಅನ್ನೋ ಈ ಚೀಸಿನ ಹೆಸರು ಯುರೋಪಿನಲ್ಲಿ ನಮ್ಮ ಟ್ರೇಡ್‌ಮಾರ್ಕು, ನಮಗೇ ಕೊಡಿ ಅಂತಲೂ ಹೋಗಿದ್ದರು. 2023ರಲ್ಲಿ ಯುರೋಪಿಯನ್ ಒಕ್ಕೂಟದ ಕೋರ್ಟು ಆಗಲ್ಲ ಅಂದಿತು, ಜನಕ್ಕೆ ಅದು ಒಂದು ಬಗೆಯ ಚೀಸಿನ ಹೆಸರಾಗಿಬಿಟ್ಟಿದೆ ಅಂತ. ಹೆಸರು ಹೋಯಿತು. ಉಳಿದಿದ್ದು ತೂತು, ಅದೂ ಪುಡಿ ಹಾಕಿದರೆ.

ನಮ್ಮ ಕಡೆ ತೂತು ಇಲ್ಲ ಅಂದುಕೊಳ್ಳಬೇಡಿ. ಡೈರಿಯ ಕೌಂಟರಿನಲ್ಲಿ ನಮ್ಮ ಪಕ್ಕ ಬೆಂಗಳೂರಿನ ಒಂದು ಕುಟುಂಬ ನಿಂತಿತ್ತು. ಅವರಲ್ಲಿ ಹಿರಿಯರೊಬ್ಬರು ಮೂರು ಸಲ ಕೇಳಿದರು, ಇದರಲ್ಲಿ ಮೊಟ್ಟೆ ಇದೆಯಾ, ಮೊಟ್ಟೆ ಇಲ್ವಾ, ಮೊಟ್ಟೆ ಮುಟ್ಟಿದ ಚಾಕು ಅಲ್ವಲ್ಲ. ಇಲ್ಲ ಅಂದ ಮೇಲೆ ನೆಮ್ಮದಿಯಾಗಿ ನಾಲ್ಕು ತುಂಡು ತಿಂದರು. ಐದನೇ ತುಂಡಿಗೆ ಕೈ ಹಾಕುವಾಗ ಗೈಡ್ ಹುಡುಗಿ ಹಾಲು ಹೆಪ್ಪಾಗೋದು ಹೇಗೆ ಅಂತ ವಿವರಿಸಿದಳು. ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರಂತೆ. ಎಲ್ಲರೂ ಸುಮ್ಮನಾದರು. ಹಿರಿಯರು ತುಂಡನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಪರದೇಶದಲ್ಲಿ ಇದೆಲ್ಲ ನಡೆಯುತ್ತೆ" ಅಂತ ಬಾಯಿಗೆ ಹಾಕಿಕೊಂಡರು.

ಮಧ್ಯಾಹ್ನ ಫಾಂಡ್ಯೂ. ಕರಗಿದ ಚೀಸಲ್ಲಿ ಉದ್ದ ಫೋರ್ಕಿನಿಂದ ಬ್ರೆಡ್ಡು ಅದ್ದಿ ತಿನ್ನೋದು. ಇದು ನಮ್ಮ ಪೂರ್ವಜರು ಬೆಟ್ಟದ ಮೇಲೆ ಚಳಿಯಲ್ಲಿ ತಿನ್ನುತ್ತಿದ್ದ ಊಟ ಅಂತ ಮೆನುವಿನಲ್ಲಿ ಬರೆದಿತ್ತು. ಕೆಲವರು ತಿಂದಿರಬಹುದು. ಇದನ್ನು ಇಡೀ ದೇಶದ ಊಟ ಮಾಡಿದ್ದು ಮಾತ್ರ ಸ್ವಿಸ್ ಚೀಸ್ ಯೂನಿಯನ್, 1914ರಿಂದ 1999ರವರೆಗೆ ಚೀಸಿನ ಬೆಲೆ, ಉತ್ಪಾದನೆ ಎಲ್ಲವನ್ನೂ ಮುಷ್ಟಿಯಲ್ಲಿಟ್ಟುಕೊಂಡಿದ್ದ ಕೂಟ. ಗೋಡೌನು ತುಂಬಿ ಚೀಸು ಉಳಿಯಿತು, ಜನ ತಿನ್ನಬೇಕಿತ್ತು, ಜಾಹೀರಾತು ಬಂತು. ಒಂದು ಪಾತ್ರೆಯಲ್ಲಿ ನಾಲ್ಕು ಜನಕ್ಕೆ ಕೆಜಿಗಟ್ಟಲೆ ಇಳಿಸೋಕೆ ಇದಕ್ಕಿಂತ ಉಪಾಯ ಬೇರೆ ಇದೆಯಾ? ನಾನು ತಣ್ಣೀರು ಕೇಳಿದೆ. ಬಡಿಸುವ ಹೆಂಗಸು ಗಾಬರಿಯಾದಳು. ಹೊಟ್ಟೆಯಲ್ಲಿ ಚೀಸು ಗಟ್ಟಿಯಾಗುತ್ತೆ, ವೈನ್ ಕುಡಿ, ಇಲ್ಲ ಬಿಸಿ ಟೀ ಕುಡಿ ಅಂದಳು. ತುಪ್ಪದ ಮೇಲೆ ತಣ್ಣೀರು ಕುಡಿಯಬೇಡ ಅನ್ನುತ್ತಿದ್ದ ನಮ್ಮಜ್ಜಿಗೆ ಈ ಹೆಂಗಸು ಏನಾಗಬೇಕೋ.

ಊಟ ಆದ ಮೇಲೆ ಇಳಿಜಾರು. ಹಸುಗಳ ಕೊರಳ ಗಂಟೆ ಕೇಳಿಸಿತು, ಎಲ್ಲರೂ ಸೈಕಲ್ ನಿಲ್ಲಿಸಿ ರೆಕಾರ್ಡ್ ಮಾಡಿಕೊಂಡರು. ಇದೇ ಬರ್ನ್ ಪ್ರಾಂತ್ಯದ ಆರ್‌ವಾಂಗೆನ್ ಊರಲ್ಲಿ ರಾತ್ರಿ ಈ ಗಂಟೆಯಿಂದ ನಿದ್ದೆ ಬರಲ್ಲ ಅಂತ ದೂರು ಹೋಗಿತ್ತು. 2023ರಲ್ಲಿ ಊರವರು ಗಂಟೆ ಉಳಿಸಿ ಅಂತ ಸಾವಿರಕ್ಕೂ ಹೆಚ್ಚು ಸಹಿ ಹಾಕಿಸಿ, ಸಭೆ ಸೇರಿ ಕೈ ಎತ್ತಿ ಉಳಿಸಿಕೊಂಡರು. ಹಸುವಿನ ಅಭಿಪ್ರಾಯ ಯಾರೂ ಕೇಳಿದ ಹಾಗಿಲ್ಲ.

ಸಂಜೆ ಸೈಕಲ್ ಹಿಂದಿರುಗಿಸಿದಾಗ ಬ್ಯಾಟರಿ ಹನ್ನೊಂದು ಪರ್ಸೆಂಟ್ ಇತ್ತು, ನಾನು ಬೆಳಿಗ್ಗೆಗಿಂತ ಭಾರವಾಗಿದ್ದೆ. ಹುಡುಗನ ಗಡಿಯಾರ ಅವನಿಗೆ ಪದಕದ ಚಿತ್ರ ಕೊಟ್ಟಿತು.

ಅಮ್ಮನಿಗೆ ಅಂತ ಒಂದು ಕೆಜಿ ತುಂಡು ಕಟ್ಟಿಸಿಕೊಂಡು ಬಂದೆ. ಮೈಸೂರಲ್ಲಿ ಅಡುಗೆಮನೆ ಕಟ್ಟೆ ಮೇಲಿಟ್ಟು ಕಾಗದ ಬಿಚ್ಚಿದಳು, ತಿರುಗಿಸಿದಳು, ಕನ್ನಡಕ ಹಾಕಿಕೊಂಡು ಮತ್ತೆ ತಿರುಗಿಸಿದಳು. ಒಂದು ಮೂಲೆಯಲ್ಲಿ ಕಡಲೆಕಾಳಿನಷ್ಟು ಒಂದೇ ಒಂದು ತೂತಿತ್ತು.

"ಎಲ್ಲೋ ತೂತು? ಟೋಪಿ ಹಾಕಿದ್ದಾರೆ ಕಣೋ ನಿನಗೆ."

"ಹಾಲು ತುಂಬ ಕ್ಲೀನಂತಮ್ಮ."

"ಹೂಂ, ಹಂಗಂತಲೇ ಹೇಳ್ತಾರೆ" ಅಂದು ಕಾವಲಿಗೆ ಹಿಟ್ಟು ಹುಯ್ದು, ದೋಸೆ ಮೇಲೆ ಆ ಚೀಸು ತುರಿದು ಹಾಕಿದಳು. ಅದು ಕರಗಿ ದೋಸೆಯ ತೂತುಗಳಲ್ಲೆಲ್ಲ ಇಳಿದು ಕಾವಲಿಗೆ ಅಂಟಿಕೊಂಡಿತು. ಅದನ್ನು ಕೆರೆಯೋಕೆ ಅರ್ಧ ಗಂಟೆ ಹಿಡಿಯಿತು, ಬ್ಯಾಟರಿ ಇಲ್ಲದೆ.