ಅಬ್ಬಾ ತಂಡದ ಆಕರ್ಷಣೆ ಬರೀ ಹಳೆಯ ನೆನಪಲ್ಲ

ಬಾಲ್ಯದ ನೆಚ್ಚಿನ ಪಾಪ್ ತಂಡದ ಮೇಲಿನ ಒಲವು ಕೇವಲ ಹಳೆಯ ದಿನಗಳ ಮೋಹ ಎಂದು ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಇದನ್ನು ಖಂಡಿತ ಒಪ್ಪುವುದಿಲ್ಲ. ಸ್ವೀಡನ್ನಿನ ಅಬ್ಬಾ ತಂಡವೆಂದರೆ ಚಿಕ್ಕಂದಿನಲ್ಲಿ ನನಗೆ ಪ್ರಾಣ. ಕ್ಯಾಸೆಟ್ಟಿನ ಟೇಪು ಸಡಿಲಗೊಂಡು ಹೊರಬಂದಾಗಲೆಲ್ಲ ಪೆನ್ಸಿಲ್ ತೂರಿಸಿ ಸುತ್ತಿ, ಮತ್ತೆ ಮೊದಲಿನಿಂದ ಕೇಳುತ್ತಿದ್ದೆ. ಯಾವ ಸಾಲನ್ನು ಯಾರು ಹಾಡುತ್ತಾರೆ ಎಂಬುದು ಕೂಡ ಬಾಯಿಪಾಠವಾಗಿತ್ತು.

ಈಗ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಆ ಹಾಡುಗಳು ಇನ್ನೂ ಹಿರಿದಾಗಿ ಕಾಣುತ್ತವೆ. ತಂಡದ ಗಾಯಕಿಯರಾದ ಆಗ್ನೆತಾ ಮತ್ತು ಫ್ರಿಡಾ ತಮ್ಮದೇ ದನಿಯ ಮೇಲೆ ಮತ್ತೆ ಹಾಡಿ ಪದರ ಕಟ್ಟಿದ್ದಾರೆ. ಧ್ವನಿ ಎಂಜಿನಿಯರ್ ಮೈಕೆಲ್ ಟ್ರೆಟೋವ್ ಹೀಗೆ ಪದರ ಸೇರಿಸುವಾಗ ಟೇಪಿನ ವೇಗವನ್ನು ಕೂದಲೆಳೆಯಷ್ಟು ಬದಲಿಸುತ್ತಿದ್ದರು. ಅದರಿಂದಲೇ ಎರಡು ಕಂಠಗಳು ದೊಡ್ಡ ಮೇಳದಂತೆ ತುಂಬಿಕೊಂಡು ಕೇಳುತ್ತವೆ. ಜೊತೆಗೆ, ಕುಣಿಸುವ ತಾಳದ ಅಡಿಯಲ್ಲೇ ಎಷ್ಟೋ ಕಡೆ ಅಗಲಿಕೆಯ ನೋವಿದೆ. ಮಕ್ಕಳಾಗಿದ್ದಾಗ ತಾಳಕ್ಕೆ ಕುಣಿದೆವು. ಆ ದುಃಖ ಕಿವಿಗೆ ಬಿದ್ದದ್ದು ದೊಡ್ಡವರಾದ ಮೇಲೆ. ಎಂಥ ಹಾಡುಗಾರಿಕೆ ಅದು!

1974ರಲ್ಲಿ ಯೂರೋಪಿನ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದು, 1982ರ ಬಳಿಕ ಮೌನವಾದ ತಂಡ 2021ರಲ್ಲಿ ಹೊಸ ಆಲ್ಬಂ ತಂದಿತು. ಆ ಹಳೆಯ ಹಾಡುಗಳು ಬಂದಾಗ ಹುಟ್ಟಿಯೇ ಇರದ ಹುಡುಗ ಹುಡುಗಿಯರೂ ಇಂದು ಅವುಗಳಿಗೆ ಮನಸೋಲುತ್ತಿದ್ದಾರೆ. ಅವರಿಗೆ ಯಾವ ಹಳೆಯ ನೆನಪಿದೆ, ಲೇಖಕರೇ ಹೇಳಲಿ.