83 ಲಕ್ಷ ಚುಕ್ಕಿ ಇಟ್ಟ ಮೇಲೆ

ದಸರಾ ಹೊತ್ತಲ್ಲಿ ಪೇಪರ್ ಕೈಗೆ ತಗೊಂಡ್ರೆ ಮುಖಪುಟ ಸಿಗೋಕೆ ನಾಲ್ಕು ಹಾಳೆ ಮಗುಚ್ಬೇಕು, ನಾಲ್ಕರಲ್ಲೂ ಟಿವಿ. ಗಿಳಿ ಕೂತಿರೋ ಟಿವಿ, ಜಲಪಾತ ಧುಮುಕ್ತಿರೋ ಟಿವಿ, ಟಿವಿ ಒಳಗಿಂದ ನಮ್ಮ ಮೇಲೇ ನೆಗೀತಿರೋ ಹುಲಿ. ಜಿಎಸ್‌ಟಿ ಇಳಿದ್ಮೇಲಂತೂ ಕೇಳೋದೇ ಬೇಡ, ಇದು ಬರೀ ಮಾರಾಟ ಅಲ್ಲ ಸ್ವಾಮಿ ಉತ್ಸವ, ಇಷ್ಟು ದಿನ ನಿಮ್ಮ ಜೇಬಿಂದ ತಗೀತಿದ್ದಿದ್ದನ್ನ ಈಗ ಸ್ವಲ್ಪ ಕಮ್ಮಿ ತಗೀತಿದೀವಿ, ಕೈ ಮುಗೀರಿ ಅನ್ನೋ ಧಾಟಿ. ನಮ್ಮನೆ ಹಳೇ ಟಿವಿಗೂ ಈ ಸುದ್ದಿ ಮುಟ್ಟಿರ್ಬೇಕು. ಸರಿಯಾಗಿ ಅದೇ ವಾರ ಪರದೆ ನಟ್ಟನಡುವೆ ಒಂದು ಹಸಿರು ಗೆರೆ ಎಳ್ಕೊಂಡು ಕೂತ್ಬಿಡ್ತು. ಧಾರಾವಾಹಿ ಅತ್ತೆ ಗೆರೆಯ ಈ ಕಡೆ, ಸೊಸೆ ಆ ಕಡೆ. ಅಮ್ಮ ಎರಡು ದಿನ ಅದನ್ನ ಕಥೆಯಲ್ಲೇ ಬಂದಿರೋದು ಅನ್ಕೊಂಡಿದ್ಲಂತೆ.

ತೆರಿಗೆ ಕಥೆ ನಿಮಗೆಲ್ಲಾ ಗೊತ್ತಿರೋದೇ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗೂ 28ರ ಬದಲು 18 ಪರ್ಸೆಂಟ್. ಅಂದ್ರೆ ಅದರ ಹಿಂದಿನ ದಿನದವರೆಗೂ 32 ಇಂಚಿನ ಟಿವಿ ತಗೊಂಡವನು ಪಾಪದವನು, ಅದಕ್ಕಿಂತ ಒಂದಿಂಚು ಆಸೆ ಪಟ್ಟವನು ಪಾಪಿ. ಅವನನ್ನ ಕರ್ಕೊಂಡೋಗಿ ಪಾನ್ ಮಸಾಲಾ ಮತ್ತೆ ದೊಡ್ಡ ಕಾರುಗಳ ಜತೆ 28ರ ಬೆಂಚಲ್ಲಿ ಕೂರಿಸ್ತಿದ್ರು. ಅದೇ ಬೆಂಚಲ್ಲಿ ಸಿಮೆಂಟೂ ಕೂತಿತ್ತು ಬಿಡಿ, ಮನೆ ಕಟ್ಟೋದೂ ಒಂದು ಚಟವೇ. ಈ ಪಾಪದ ಅಳತೆಗೂ ಒಂದು ಇತಿಹಾಸ ಇದೆ. 2017ರಲ್ಲಿ ಜಿಎಸ್‌ಟಿ ಬಂದಾಗ ಟಿವಿ ಅಂದ್ರೆ 28. 2018ರ ಜುಲೈನಲ್ಲಿ ಕೌನ್ಸಿಲ್‌ನವರಿಗೆ ಕರುಣೆ ಹುಟ್ಟಿ 68 ಸೆಂಟಿಮೀಟರ್‌ವರೆಗೆ, ಹತ್ರ ಹತ್ರ 27 ಇಂಚು, 18ಕ್ಕೆ ಇಳಿಸಿದ್ರು. 2019ರ ಜನವರಿಯಿಂದ 32 ಇಂಚು. ಆಮೇಲೆ ಆರು ವರ್ಷ ಮುಕ್ಕಾಲು ಈ ದೇಶದಲ್ಲಿ ಪಾಪ ಅನ್ನೋದು 32 ಇಂಚು ದಾಟಿದ್ಮೇಲೇ ಶುರುವಾಗ್ತಿತ್ತು. ಯಾರು, ಯಾವ ಮೀಟಿಂಗಲ್ಲಿ, ಟೇಪ್ ಹಿಡ್ಕೊಂಡು ಕೂತು ಇದನ್ನ ಅಳೆದ್ರೋ, ಅವರ ಕಾಲಿಗೆ ಬೀಳ್ಬೇಕು ಅನ್ಸತ್ತೆ.

ಲೆಕ್ಕಕ್ಕೆ, 25 ಸಾವಿರದ ಟಿವಿ ಮೊದಲು ತೆರಿಗೆ ಸೇರಿ 32 ಸಾವಿರ ಆಗ್ತಿದ್ದಿದ್ದು ಈಗ 29,500 ಆಗ್ಬೇಕು. ಆಗತ್ತೆ ಕೂಡ. ನಾನು ಹೋದ ಅಂಗಡೀಲಿ ಆಗಿತ್ತು, ಆದ್ರೆ ಹಿಂದಿನ ತಿಂಗಳು ಇದ್ದ ಎರಡೂವರೆ ಸಾವಿರದ ಎಕ್ಸ್‌ಚೇಂಜ್ ಆಫರ್ ಮಾತ್ರ ಅದೇ ದಿನ ತೀರ್ಥಯಾತ್ರೆಗೆ ಹೋಗಿತ್ತು.

ಈಗ ಶೋಕೇಸ್ ವಿಷ್ಯ. ಯಾಕಂದ್ರೆ ನಮ್ಮನೇಲಿ ಟಿವಿ ಆರಿಸೋದು ನಾವಲ್ಲ, ಶೋಕೇಸು. ಡಬ್ಬಾ ಟಿವಿ ಕಾಲದಲ್ಲಿ ಅಪ್ಪ ಬಡಗೀನ ಒಂದು ತಿಂಗಳು ಮನೇಲೇ ಕೂರಿಸ್ಕೊಂಡು ಮಾಡಿಸಿದ್ದು, ಸನ್‌ಮೈಕಾ ಹೊಡೆಸಿದ್ದು. ಎಡಗಡೆ ಚನ್ನಪಟ್ಟಣದ ಬೊಂಬೆಗಳು, ಬಲಗಡೆ ಯಾರೋ ಗೃಹಪ್ರವೇಶಕ್ಕೆ ಕೊಟ್ಟ ಗಾಜಿನ ಹಂಸ, ಮೇಲುಗಡೆ ನಾನು ಮೂರನೇ ಕ್ಲಾಸಲ್ಲಿ ನಿಂಬೆಹಣ್ಣು ಚಮಚ ಓಟದಲ್ಲಿ ಗೆದ್ದ ಕಪ್ಪು, ನಡುವೆ ಟಿವಿಗೆ ಅಂತ ಸರಿಯಾಗಿ 36 ಇಂಚಿನ ಗೂಡು. ಸರಿ, 32ರ ಟಿವಿ ಇಟ್ರೆ ಅಕ್ಕಪಕ್ಕ ಎರಡೆರಡು ಇಂಚು ಉಳೀತದೆ ಅಂತ ನನ್ನ ಲೆಕ್ಕ. ಅಲ್ಲ. ಟಿವಿ ಅಳೆಯೋದು ಅಗಲಕ್ಕಲ್ಲ, ಮೂಲೆಯಿಂದ ಮೂಲೆಗೆ. 32 ಇಂಚಿನ ಟಿವಿ ಪರದೆ ಅಗಲ 28 ಇಂಚೂ ಇರಲ್ಲ, 43ರದ್ದು ಮೂವತ್ತೇಳೂವರೆ. ಈ ಐಡಿಯಾ ನಮ್ಮ ರಿಯಲ್ ಎಸ್ಟೇಟ್‌ನವರಿಗೆ ಹೊಳೀದೆ ಇರೋದು ಪುಣ್ಯ. ಥರ್ಟಿ ಫಾರ್ಟಿ ಸೈಟನ್ನ ಮೂಲೆಯಿಂದ ಮೂಲೆಗೆ ಅಳೆದ್ರೆ ಕರೆಕ್ಟಾಗಿ 50 ಅಡಿ ಬರತ್ತೆ, "ಫಿಫ್ಟಿ ಫೀಟ್ ಸೈಟು ಸಾರ್, ಫುಲ್ ಎಚ್‌ಡಿ" ಅಂತ ಬೋರ್ಡ್ ಹಾಕಿ ಮಾರ್ತಿದ್ರು.

ಒಟ್ನಲ್ಲಿ 43 ತಗೊಳೋದಾದ್ರೆ ಒಂದೂವರೆ ಇಂಚಿಗೋಸ್ಕರ ಅಪ್ಪನ ಶೋಕೇಸ್ ಕೊಯ್ಯಬೇಕು. ಕೊಯ್ಸೋಣ ಅಂದೆ. ಅಮ್ಮ ಆವತ್ತು ರಾತ್ರಿ ಊಟ ಮಾಡ್ಲಿಲ್ಲ. ಕೊನೆಗೆ ಎದುರು ಗೋಡೆಗೆ ಟಿವಿ ಹಾಕೋದು, ಸೋಫಾ ತಿರುಗಿಸೋದು, ಶೋಕೇಸ್ ಇದ್ದಲ್ಲೇ ಇರೋದು ಅಂತ ರಾಜಿ ಆಯ್ತು. ಈಗ ನಾವು ಟಿವಿ ನೋಡುವಾಗ ಆ ಖಾಲಿ ಗೂಡು ನಮ್ಮ ಬೆನ್ನು ನೋಡ್ತಿರತ್ತೆ.

ಅಂಗಡಿಗೆ ಅಮ್ಮನ್ನೂ ಕರ್ಕೊಂಡೋಗಿದ್ದೆ. ಸುಮಾರು ಐವತ್ತು ಟಿವಿ, ಐವತ್ತರಲ್ಲೂ ಒಂದೇ ವೀಡಿಯೋ, ದಾಳಿಂಬೆ ಕಾಳು ಸ್ಲೋ ಮೋಷನ್‌ನಲ್ಲಿ ನೀರಿಗೆ ಬೀಳ್ತಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿದ್ಲು, ಆಮೇಲೆ ಅಲ್ಲಿದ್ದ ಹುಡುಗನ್ನ ಕರೆದು, "ಉದಯ ಹಾಕಪ್ಪ" ಅಂದ್ಲು.

"ಅಮ್ಮ, ಇಲ್ಲಿ ಡೆಮೋ ಮಾತ್ರ ಬರೋದು."

"ಇಷ್ಟೊಂದು ಟಿವಿ ಇಟ್ಕೊಂಡಿದೀರಲ್ಲೋ, ಒಂದ್ರಲ್ಲೂ ಉದಯ ಬರಲ್ವಾ?"

ಹುಡುಗ ನನ್ನ ಮುಖ ನೋಡ್ದ. ನಾನು ದಾಳಿಂಬೆ ನೋಡ್ದೆ. ಬಣ್ಣ ಬೆಳಕು ಎಲ್ಲಾ ಕೊನೇ ಮೆಟ್ಟಿಲಿಗೆ ಏರಿಸಿಟ್ಟಿರ್ತಾರೆ ಅಂಗಡೀಲಿ, ಅದಕ್ಕೇ ಬೇರೆ ಸ್ಟೋರ್ ಮೋಡ್ ಅಂತ ಒಂದಿರತ್ತೆ, ಮನೆಗೆ ಬಂದ್ಮೇಲೆ ಆ ದಾಳಿಂಬೆ ಸೀಬೆಹಣ್ಣಿನ ಬಣ್ಣಕ್ಕೆ ತಿರುಗತ್ತೆ. ಅಮ್ಮಂಗೆ ಇದೆಲ್ಲಾ ಗೊತ್ತಿಲ್ಲ, ಆದ್ರೆ ಸೀರೆ ಅಂಗಡಿ ಅನುಭವ ಇದೆ. "ಇದನ್ನ ಒಂದ್ಸಲ ಬಾಗಿಲ ಹತ್ರ ಬೆಳಕಿಗೆ ತಂದು ತೋರ್ಸಪ್ಪಾ" ಅಂದ್ಲು. ಟಿವಿ ತಜ್ಞರು ಯೂಟ್ಯೂಬಲ್ಲಿ ಅರ್ಧ ಗಂಟೆ ಕೊರೆದು ಹೇಳೋದೂ ಇದನ್ನೇ.

ಆಮೇಲೆ ಹುಡುಗ ಪಾಠ ಶುರು ಮಾಡ್ದ. ಎಚ್‌ಡಿ ರೆಡಿ, ಫುಲ್ ಎಚ್‌ಡಿ, 4ಕೆ, 8ಕೆ, ಕ್ಯೂಎಲ್‌ಇಡಿ, ಓಎಲ್‌ಇಡಿ, ಮಿನಿ ಎಲ್‌ಇಡಿ. ಎಚ್‌ಡಿ ರೆಡಿ ಅಂದ್ರೆ ಏನಪ್ಪಾ ಅಂದ್ರೆ ಎಚ್‌ಡಿ ಸಿಗ್ನಲ್ ಬಂದ್ರೆ ತಗೊಳತ್ತೆ, ಆದ್ರೆ ಪೂರ್ತಿ ತೋರ್ಸಲ್ಲ, ಪ್ಯಾನೆಲ್‌ನಲ್ಲಿರೋ ಚುಕ್ಕಿ, ಅಂದ್ರೆ ಪಿಕ್ಸೆಲ್, 1366 ಅಡ್ಡ, 768 ಉದ್ದ. ನಮ್ಮ ಮೆಟ್ರೋ ಹಳದಿ ಲೈನ್ ಥರ, ಕಂಬ ರೆಡಿ, ಹಳಿ ರೆಡಿ, ಸ್ಟೇಷನ್ ರೆಡಿ, ರೈಲು ಒಂದು ಇರ್ಲಿಲ್ಲ. ಅದಾದ್ರೂ 2025ರ ಆಗಸ್ಟ್‌ನಲ್ಲಿ ಓಡ್ತು, ಎಚ್‌ಡಿ ರೆಡಿ ಟಿವಿ ಸಾಯೋವರೆಗೂ ರೆಡಿಯಾಗೇ ಇರತ್ತೆ. ಇನ್ನು ಓಎಲ್‌ಇಡಿ ಅಂದ್ರೆ ಒಂದೊಂದು ಚುಕ್ಕಿನೂ ತಾನೇ ಬೆಳಗೋದು. ಕ್ಯೂಎಲ್‌ಇಡಿ ಅಂದ್ರೆ ಹಳೇ ಎಲ್‌ಸಿಡೀನೇ, ಹಿಂದುಗಡೆ ಲೈಟು, ಮಧ್ಯ ಬಣ್ಣಕ್ಕೆ ಅಂತ ಕ್ವಾಂಟಮ್ ಡಾಟ್ ಪದರ. ಬೆಲೇಲಿ ಆಕಾಶ ಭೂಮಿ ವ್ಯತ್ಯಾಸ, ಹೆಸರಲ್ಲಿ ಮಾತ್ರ ಇಂಗ್ಲಿಷಿನ ಓಗೆ ಒಂದು ಬಾಲ ಅಂಟಿಸಿದಷ್ಟೇ. ಕನ್ನಡಕ ಹಾಕ್ಕೊಳ್ದೆ ಹೋದ್ರೆ ಮೋಸ ಗ್ಯಾರಂಟಿ, ಹಾಕ್ಕೊಂಡು ಹೋದ್ರೆ ಬೆಲೆ ಕಾಣತ್ತೆ.

4ಕೆ ಅಂದ್ರೆ 3840 ಇಂಟು 2160, ಸುಮಾರು 83 ಲಕ್ಷ ಚುಕ್ಕಿ. ಅಮ್ಮ ಹಬ್ಬದ ದಿನ ಬೆಳಗ್ಗೆ ಎದ್ದು ಹದಿನೈದು ಚುಕ್ಕಿ ರಂಗೋಲಿ ಹಾಕೋಷ್ಟರಲ್ಲಿ ಸೊಂಟ ಹಿಡ್ಕೊಳತ್ತೆ, ಇದು 83 ಲಕ್ಷ, ಅದೂ ಸೆಕೆಂಡಿಗೆ ಅರವತ್ತು ಸಲ ಹೊಸದಾಗಿ. ಮೆಚ್ಚಲೇಬೇಕು. ಆದ್ರೆ ನಮ್ಮನೆ ಪ್ಯಾಕಲ್ಲಿ ಬರೋ ಮಾಮೂಲಿ ಎಸ್‌ಡಿ ಚಾನೆಲ್ ಕಳ್ಸೋದು ಹೆಚ್ಚಂದ್ರೆ 720 ಇಂಟು 576, ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ಮಿಕ್ಕಿದ್ದು 79 ಲಕ್ಷ? ಟಿವೀನೇ ಊಹೆ ಮಾಡ್ಕೊಂಡು ತುಂಬತ್ತೆ. ಅಪ್‌ಸ್ಕೇಲಿಂಗ್ ಅಂತಾರೆ ಅದಕ್ಕೆ, ಈಗ ಅದಕ್ಕೂ ಎಐ ಅಂತ ಸ್ಟಿಕ್ಕರ್ ಹಚ್ತಾರೆ. ನಾಲ್ಕು ಲಕ್ಷ ಗೊತ್ತಿದ್ರೆ ಮಿಕ್ಕ 79 ಲಕ್ಷ ಮೂಲಗಳ ಪ್ರಕಾರ ಅಂತ ತುಂಬೋದು ನಮಗೇನ್ ಹೊಸದಲ್ಲ, ನ್ಯೂಸ್ ಚಾನೆಲ್‌ನವರು ಇದನ್ನ ಯಾವ ಎಐನೂ ಇಲ್ದೆ ಮಾಡ್ಕೊಂಡು ಬಂದಿದಾರೆ.

ನ್ಯೂಸ್ ಅಂದ್ಮೇಲೆ ನೆನಪಾಯ್ತು. 43 ಇಂಚು ಗೋಡೆಗೇರಿದ ದಿನ ಮೊದಲು ಹಾಕಿದ್ದೇ ಒಂದು ನ್ಯೂಸ್ ಚಾನೆಲ್. ಕೆಳಗಡೆ ಎರಡು ಪಟ್ಟಿ ಓಡ್ತಿದೆ, ಅದರ ಮೇಲೆ ಕೆಂಪು ಪಟ್ಟೀಲಿ ಬ್ರೇಕಿಂಗ್, ಎಡಗಡೆ ನಿಂತಿರೋ ಜಾಹೀರಾತು, ಬಲಗಡೆ ಆರು ಡಬ್ಬೀಲಿ ಆರು ಜನ ಕಿರುಚ್ತಿದಾರೆ, ಮೂಲೇಲಿ ಲೋಗೋ ತಿರುಗ್ತಿದೆ. ಇವೆಲ್ಲಾ ಹೋಗಿ ನಿಜವಾದ ಘಟನೆ ತೋರ್ಸೋಕೆ ಉಳಿದಿರೋ ಜಾಗ ಟೇಪ್ ಹಿಡಿದು ಅಳೆದೆ. ಮೂಲೆಯಿಂದ ಮೂಲೆಗೇ ಅಳೆದಿದ್ದು, ಅನ್ಯಾಯ ಮಾಡಿಲ್ಲ. 14 ಇಂಚು. ಅಪ್ಪ ಮೊದ್ಲು ತಂದಿದ್ದ ಪೋರ್ಟಬಲ್ ಟಿವೀನೂ 14 ಇಂಚೇ. ಆ 14 ಇಂಚಲ್ಲೂ ಏನ್ ಬರ್ತಿತ್ತು ಅಂದ್ರೆ ಒಂದು ಗೇಟು. ಯಾವುದೋ ಮನೆ ಗೇಟು, ಅದರ ಸುತ್ತ ಕೆಂಪು ವೃತ್ತ, ಅದಕ್ಕೊಂದು ಬಾಣ. ಮುಕ್ಕಾಲು ಗಂಟೆ ಗೇಟು ತೆರೀಲಿಲ್ಲ. ತುಕ್ಕು ಮಾತ್ರ ತುಂಬಾ ಸ್ಪಷ್ಟವಾಗಿ ಕಾಣ್ತಿತ್ತು, ಅದಕ್ಕೆ ಟಿವೀನ ಹೊಗಳ್ಬೇಕು.

ಎಚ್‌ಡಿ ಚಾನೆಲ್ ಬೇಕಂದ್ರೆ ಬೇರೆ ಪ್ಯಾಕು. 2019ರಲ್ಲಿ ಕೇಬಲ್, ಡಿಟಿಎಚ್‌ಗೆ ನಿಯಮ ಮಾಡೋ ಟ್ರಾಯ್‌ನವರು ಹೊಸ ವ್ಯವಸ್ಥೆ ತಂದಾಗ ಒಂದು ಎಚ್‌ಡಿ ಚಾನೆಲನ್ನ ಎರಡು ಎಸ್‌ಡಿ ಅಂತ ಲೆಕ್ಕ ಹಿಡಿದ್ರು, ಬಸ್ಸಲ್ಲಿ ದಪ್ಪಗಿರೋರಿಗೆ ಎರಡು ಟಿಕೆಟ್ ಹರಿದಂಗೆ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ನೋಡ್ಬೇಕಂದ್ರೆ ತಿಂಗಳಿಗೆ 649ರ ಪ್ಲಾನೇ ಬೇಕು, 199ರದ್ದು ತಗೊಂಡ್ರೆ 720 ಸಾಲಿನ ಎಚ್‌ಡಿಗೆ ಸುಮ್ನಾಗ್ಬೇಕು. ಅಂದ್ರೆ 83 ಲಕ್ಷ ಚುಕ್ಕಿ ನಾನು ಕೊಂಡ್ಕೊಂಡಿದೀನಿ, ಅವನ್ನ ಹಚ್ಚೋ ಸ್ವಿಚ್ಚು ಮಾತ್ರ ಬಾಡಿಗೆಗೆ.

ಇಲ್ಲೀವರೆಗೂ ನಕ್ಕೊಂಡೇ ಬರೆದೆ. ರಿಮೋಟ್ ವಿಷ್ಯಕ್ಕೆ ನಗು ಬರ್ತಿಲ್ಲ. ಹೊಸ ಟಿವಿ ರಿಮೋಟಲ್ಲಿ ನಂಬರ್ ಇಲ್ಲ. ಒಂದೂ ಇಲ್ಲ. ಆ ಜಾಗದಲ್ಲಿ ನಾಲ್ಕು ಕಂಪನಿಗಳ ಹೆಸರು, ಒಂದೊಂದಕ್ಕೆ ಒಂದೊಂದು ಬಟನ್ನು. ಸೆಟ್‌ಟಾಪ್ ಬಾಕ್ಸಿಗೆ ಬೇರೆ ರಿಮೋಟು. ಅಮ್ಮ ಕತ್ತಲಲ್ಲಿ ಸೌಂಡ್ ಜಾಸ್ತಿ ಮಾಡೋಕೆ ಹೋಗಿ ಆ ನಾಲ್ಕರಲ್ಲಿ ಒಂದನ್ನ ಒತ್ತಿದ್ಲು ಅಂದ್ರೆ ಮುಗೀತು, ಧಾರಾವಾಹಿ ಹೋಗಿ ಯಾವುದೋ ಇಂಗ್ಲಿಷ್ ಸಿನಿಮಾದ ಹೆಣ ಬಂದು ನಿಲ್ಲತ್ತೆ, ವಾಪಸ್ ಬರೋ ದಾರಿ, ಅಂದ್ರೆ ಸೆಟ್‌ಟಾಪ್ ಬಾಕ್ಸ್ ಸಿಕ್ಕಿಸಿರೋ "ಎಚ್‌ಡಿಎಂಐ ಒಂದು", ಅವಳಿಗೆ ಗೊತ್ತಿಲ್ಲ, ಗೊತ್ತಿರ್ಬೇಕಾಗೂ ಇಲ್ಲ. ಮೂವತ್ತು ವರ್ಷ ತಾನೇ ಟಿವಿ ಹಾಕ್ಕೊಂಡು ತಾನೇ ಆಫ್ ಮಾಡ್ತಿದ್ದ ಹೆಂಗಸು ಈಗ ಆಫೀಸಲ್ಲಿರೋ ಮಗನಿಗೆ ಫೋನ್ ಮಾಡಿ, ಬೈಸ್ಕೊಳ್ತೀನೇನೋ ಅಂತ ಹೆದರ್ಕೊಂಡು, "ಟಿವಿ ಏನೋ ಆಗ್ಬಿಟ್ಟಿದೆ ಕಣೋ, ನಾನೇನೂ ಮಾಡಿಲ್ಲ" ಅಂತಾಳೆ. ಆನ್ ಮಾಡಿದ ತಕ್ಷಣ ಅರ್ಧ ಪರದೆ ಜಾಹೀರಾತು, ನಾನು ದುಡ್ಡು ಕೊಟ್ಟು ತಂದು ನನ್ನ ಗೋಡೆಗೆ ಮೊಳೆ ಹೊಡೆದು ಹಾಕ್ಕೊಂಡಿರೋ ಪೆಟ್ಟಿಗೇಲಿ. ಮೊದಲ ದಿನವೇ ಇಂಗ್ಲಿಷಲ್ಲಿ ಮೊಳದುದ್ದ ಷರತ್ತು ತೋರಿಸಿ ಒಪ್ಕೋ ಅಂತು, ಒಪ್ಕೊಳ್ದೆ ಮುಂದಕ್ಕೇ ಹೋಗಲ್ಲ. ಏನಕ್ಕೆ ಒಪ್ಕೊಂಡೆ ಅಂತ ನನಗೂ ಗೊತ್ತಿಲ್ಲ. ಇಷ್ಟೆಲ್ಲಾ ಬುದ್ಧಿವಂತಿಕೆ ಖರ್ಚು ಮಾಡೋರಿಗೆ ಎಪ್ಪತ್ತು ದಾಟಿದೋರು ಟಿವಿ ನೋಡ್ತಾರೆ ಅನ್ನೋದು ಹೊಳೀಲೇ ಇಲ್ವಾ, ಅಥವಾ ಹೊಳೆದೂ ಬೇಡ ಅನ್ಸ್ತಾ?

ಅಮ್ಮ ತನ್ನ ಮಟ್ಟಿಗೆ ಪರಿಹಾರ ಕಂಡ್ಕೊಂಡಿದಾಳೆ. ಆ ನಾಲ್ಕು ಬಟನ್ ಮೇಲೂ ಹಣೆಗಿಡೋ ಕೆಂಪು ಸ್ಟಿಕ್ಕರ್ ಅಂಟಿಸಿದಾಳೆ, ಮುಟ್ಟಬಾರದು ಅಂತ ಗುರುತಿಗೆ. ಕತ್ತಲಲ್ಲಿ ಸ್ಟಿಕ್ಕರ್ ಕಾಣಲ್ಲ ಅನ್ನೋದು ಬೇರೆ ಮಾತು.

ಮೊನ್ನೆ ಸಂಜೆ ಫೋನ್ ಬಂತು. ಟಿವಿ ಕಂಪನಿಯಿಂದ, ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಾ ಸಾರ್, ಚಿತ್ರದ ಕ್ವಾಲಿಟಿ ಹೆಂಗಿದೆ ಅಂತ ಒಂದು ಹುಡುಗಿ. ನಾನು ಯೋಚ್ನೆ ಮಾಡ್ತಿರುವಾಗಲೇ ಅಮ್ಮ ಫೋನ್ ಇಸ್ಕೊಂಡ್ಲು.

"ನೋಡಮ್ಮಾ, ಹತ್ತಕ್ಕೆ ಹತ್ತು ಹಾಕ್ಕೋ. ಈಗ ಏಳೂವರೆ ಆಗ್ತಿದೆ, ಆ ಎಚ್‌ಡಿಎಂಐ ಒಂದು ಎಲ್ಲಿದೆ ಅಂತ ಬೇಗ ಹೇಳು."